1909ರ ಸಿಡ್ನಿ ರಗ್ಬಿ ಲೀಗ್ ಫೈನಲ್: ಆಡದ ಪಂದ್ಯವನ್ನು ‘ಗೆದ್ದರು’ ಎಂದು ಬರೆಯಬಹುದೇ?

ಹಳೆಯ ಅಂಕಪಟ್ಟಿ:

ಎಲ್ಲರಿಗೂ ನಮಸ್ಕಾರ. ಸಿಡ್ನಿ ನಗರದ ರಗ್ಬಿ ಲೀಗ್ ಸ್ಪರ್ಧೆಯ ಆರಂಭದ ವರ್ಷಗಳ ಬಗ್ಗೆ ಕನ್ನಡದಲ್ಲಿ ಒಂದು ಲೇಖನಮಾಲೆ ಬರೆಯುತ್ತಿದ್ದೇನೆ. ಪ್ರತಿ ಲೇಖನದ ಕೊನೆಯಲ್ಲಿ ಆ ವರ್ಷದ ಫೈನಲ್ ವಿವರವನ್ನು ಒಂದೇ ಸಾಲಿನಲ್ಲಿ ಕೊಡುವ ಪದ್ಧತಿ ಇಟ್ಟುಕೊಂಡಿದ್ದೇನೆ. 1908ರ ಸಾಲು ಸಲೀಸಾಗಿ ಬಂತು: ‘ಆಗಸ್ಟ್ 29, ಸೌತ್ ಸಿಡ್ನಿ 14, ಈಸ್ಟರ್ನ್ ಸಬರ್ಬ್ಸ್ 12.’ ಆದರೆ 1909ರ ಸಾಲಿಗೆ ಬಂದ ಮೇಲೆ ನಾಲ್ಕು ದಿನಗಳಿಂದ ಬರವಣಿಗೆ ಮುಂದಕ್ಕೆ ಸಾಗಿಲ್ಲ.

ಗೊತ್ತಿಲ್ಲದವರಿಗಾಗಿ ಆ ದಿನದ ಘಟನೆಯನ್ನು ಹೇಳುತ್ತೇನೆ. 1909ರ ಸೆಪ್ಟೆಂಬರ್ 18, ಶನಿವಾರ. ಮೂರ್ ಪಾರ್ಕ್ ಬಳಿಯ ಕೃಷಿ ಪ್ರದರ್ಶನ ಮೈದಾನದಲ್ಲಿ ಸೌತ್ ಸಿಡ್ನಿ ಮತ್ತು ಬಾಲ್ಮೇನ್ ತಂಡಗಳು ಪ್ರಶಸ್ತಿಗಾಗಿ ಆಡಬೇಕಿತ್ತು. ಆದರೆ ಅದೇ ಮಧ್ಯಾಹ್ನ ಅದೇ ಮೈದಾನದಲ್ಲಿ ಕಾಂಗರೂಸ್ ಮತ್ತು ವಾಲಬೀಸ್ ತಂಡಗಳ ನಡುವಿನ ನಾಲ್ಕನೆಯ ಪ್ರದರ್ಶನ ಪಂದ್ಯವೂ ಇತ್ತು. ಆ ಪಂದ್ಯವೇ ದಿನದ ಮುಖ್ಯ ಪಂದ್ಯವೆಂದೂ, ಫೈನಲ್ ಅದಕ್ಕೆ ಮೊದಲು ಮುಗಿಯಬೇಕೆಂದೂ ಲೀಗ್ ನಿರ್ಧರಿಸಿತು. ಇಡೀ ವರ್ಷದ ಶ್ರಮದ ಫಲವಾದ ಫೈನಲನ್ನು ಹೀಗೆ ಕೆಳಗಿಳಿಸುವುದನ್ನು ಒಪ್ಪುವುದಿಲ್ಲವೆಂದು ಬಾಲ್ಮೇನ್ ಆಡಲು ನಿರಾಕರಿಸಿತು. ಅದರ ಆಟಗಾರರು ಮೈದಾನದ ಹೊರಗೆ ನಿಂತು, ಒಳಗೆ ಹೋಗಬೇಡಿ ಎಂದು ಪ್ರೇಕ್ಷಕರನ್ನು ಕೇಳಿಕೊಂಡರು. ಒಳಗೆ ಸೌತ್ ಸಿಡ್ನಿಯವರು ಸಮಯಕ್ಕೆ ಸರಿಯಾಗಿ ಅಂಗಳಕ್ಕಿಳಿದು, ಎದುರಾಳಿಗಳಿಲ್ಲದ ಅರ್ಧಕ್ಕೆ ಚೆಂಡನ್ನು ಒದ್ದರು. ಬಿಲ್ಲಿ ಕ್ಯಾನ್ ಎಂಬ ಫಾರ್ವರ್ಡ್ ಆಟಗಾರ ಅದನ್ನು ಎತ್ತಿಕೊಂಡು ಗೋಲ್ ಗೆರೆ ದಾಟಿ ನೆಲಕ್ಕೆ ಊರಿ ‘ಟ್ರೈ’ ದಾಖಲಿಸಿದರು. ಅಲ್ಲಿಗೆ ಆ ವರ್ಷದ ಪ್ರಶಸ್ತಿ ತೀರ್ಮಾನವಾಯಿತು.

ಇದನ್ನು ನಾನು ‘ಸೌತ್ ಸಿಡ್ನಿ ಗೆದ್ದಿತು’ ಎಂದು ಬರೆದರೆ ಓದುಗರು ಒಂದು ಪಂದ್ಯ ನಡೆಯಿತೆಂದು ತಿಳಿಯುತ್ತಾರೆ. ‘ಬಾಲ್ಮೇನ್ ಸೋತಿತು’ ಎಂದರೆ ಅದು ಇನ್ನೂ ದೊಡ್ಡ ತಪ್ಪು. ತಾವೆಲ್ಲ ಏನು ಹೇಳುತ್ತೀರಿ?

ಶಿಳ್ಳೆ:

ನಾನು ಹದಿನೆಂಟು ವರ್ಷ ಕಬಡ್ಡಿ ಪಂದ್ಯಗಳಿಗೆ ತೀರ್ಪುಗಾರನಾಗಿ ಕೆಲಸ ಮಾಡಿದವನು. ರಗ್ಬಿಯ ವಿಷಯದಲ್ಲಿ ನನ್ನ ತಿಳಿವಳಿಕೆ ಕಡಿಮೆ, ಆದರೆ ಈ ಪ್ರಶ್ನೆ ಎಲ್ಲ ಆಟಗಳಿಗೂ ಒಂದೇ ಎಂದು ನನಗೆ ಅನಿಸುತ್ತದೆ. ನಿಗದಿಯಾದ ಸಮಯಕ್ಕೆ ಅಂಗಳದಲ್ಲಿ ಇರುವ ತಂಡಕ್ಕೆ ಜಯ, ಇಲ್ಲದ ತಂಡಕ್ಕೆ ಸೋಲು. ಆಯೋಜಕರ ತೀರ್ಮಾನದ ಬಗ್ಗೆ ತಕರಾರು ಇದ್ದರೆ ಅದನ್ನು ಬರೆದು ಕೊಟ್ಟು ಆಡಬೇಕು. ಒಮ್ಮೆ ರಾತ್ರಿ ಒಂದು ಗಂಟೆಗೆ ಸೆಮಿಫೈನಲ್ ಇಟ್ಟ ಪಂದ್ಯಾವಳಿಯೊಂದರಲ್ಲಿ ಒಂದು ತಂಡ ಸಿಟ್ಟಿನಿಂದ ಮನೆಗೆ ಹೋಯಿತು. ಅವರ ಸಿಟ್ಟು ನ್ಯಾಯವಾದದ್ದೇ ಆಗಿತ್ತು, ಆದರೂ ನಾನು ಎದುರು ತಂಡಕ್ಕೆ ವಾಕ್‌ಓವರ್ ಕೊಟ್ಟೆ. ಬೇರೆ ದಾರಿ ಇರಲಿಲ್ಲ. ಆದ್ದರಿಂದ ‘ಸೌತ್ ಸಿಡ್ನಿ ಗೆದ್ದಿತು, ವಾಕ್‌ಓವರ್’ ಎಂದು ಬರೆಯಿರಿ. ಅದು ಸಾಕು.

ಬಂದರಿನ ಆಚೆ ದಡ:

ನಾನು ಸಿಡ್ನಿಯಲ್ಲಿ ಹನ್ನೊಂದು ವರ್ಷಗಳಿಂದ ಇದ್ದೇನೆ. ‘ಶಿಳ್ಳೆ’ ಅವರ ಮಾತು ನಿಯಮದ ಮಟ್ಟಿಗೆ ಸರಿ. ಆದರೆ ಈ ಲೀಗ್ ಯಾಕೆ ಹುಟ್ಟಿತು ಎಂಬುದನ್ನು ಬಿಟ್ಟು 1909ರ ಶನಿವಾರವನ್ನು ನೋಡಿದರೆ ಬಾಲ್ಮೇನ್‌ನವರ ನಡತೆ ಬರೀ ಹಠದಂತೆ ಕಾಣುತ್ತದೆ. ಅದು ಅವರಿಗೆ ಅನ್ಯಾಯ. ಆದ್ದರಿಂದ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, ದಯವಿಟ್ಟು ತಾಳ್ಮೆಯಿಂದ ಓದಿ.

1907ರವರೆಗೆ ಸಿಡ್ನಿಯಲ್ಲಿ ರಗ್ಬಿ ಎಂದರೆ ರಗ್ಬಿ ಯೂನಿಯನ್ ಮಾತ್ರ, ಮತ್ತು ಅದು ಹವ್ಯಾಸಿಗಳ ಆಟವೆಂಬುದು ಆ ಸಂಸ್ಥೆಯ ಕಟ್ಟುನಿಟ್ಟಾದ ನಿಲುವು. ಆ ವರ್ಷದ ಜುಲೈನಲ್ಲಿ ನ್ಯೂ ಸೌತ್ ವೇಲ್ಸ್ ಮತ್ತು ನ್ಯೂಜಿಲೆಂಡ್ ಪಂದ್ಯ ನೋಡಲು ಸಿಡ್ನಿ ಕ್ರಿಕೆಟ್ ಮೈದಾನಕ್ಕೆ 50,000ಕ್ಕೂ ಹೆಚ್ಚು ಜನ ಬಂದಿದ್ದರು. ಗೇಟಿನಲ್ಲಿ ಅಷ್ಟು ಹಣ ಬೀಳುತ್ತಿದ್ದಾಗಲೇ, ಆಟದಲ್ಲಿ ಭುಜಕ್ಕೆ ಪೆಟ್ಟು ಮಾಡಿಕೊಂಡು ಕೆಲಸಕ್ಕೆ ಹೋಗಲಾಗದ ಆಲೆಕ್ ಬರ್ಡನ್ ಎಂಬ ಆಟಗಾರನಿಗೆ ಯೂನಿಯನ್ ಪರಿಹಾರ ಕೊಡಲಿಲ್ಲ. ಆಡುತ್ತಿದ್ದವರಲ್ಲಿ ಬಹಳ ಮಂದಿ ದಿನಗೂಲಿಯಿಂದ ಮನೆ ನಡೆಸುವವರು. ಒಂದು ವಾರ ಕೆಲಸ ತಪ್ಪಿದರೆ ಒಲೆಯ ಮೇಲೆ ಅದರ ಪರಿಣಾಮ ಕಾಣುತ್ತಿತ್ತು.

ಈ ಅಸಮಾಧಾನಕ್ಕೆ ರೂಪ ಕೊಟ್ಟವರು ಮೂವರು: ವ್ಯಾಪಾರಿ ಜೇಮ್ಸ್ ಗಿಲ್ಟಿನನ್, ರಾಜಕಾರಣಿ ಹೆನ್ರಿ ಹಾಯ್ಲ್, ಮತ್ತು ನಮ್ಮಲ್ಲಿ ಹಳೆಯ ಕ್ರಿಕೆಟ್ ಬಲ್ಲವರೆಲ್ಲರಿಗೂ ಪರಿಚಯವಿರುವ ಬ್ಯಾಟ್ಸ್‌ಮನ್ ವಿಕ್ಟರ್ ಟ್ರಂಪರ್. 1907ರ ಆಗಸ್ಟ್ 8ರಂದು ಜಾರ್ಜ್ ಸ್ಟ್ರೀಟ್‌ನ ಒಂದು ಹೋಟೆಲಿನಲ್ಲಿ ನ್ಯೂ ಸೌತ್ ವೇಲ್ಸ್ ರಗ್ಬಿ ಫುಟ್‌ಬಾಲ್ ಲೀಗ್ ಸ್ಥಾಪನೆಯಾಯಿತು. ಹಾಯ್ಲ್ ಅಧ್ಯಕ್ಷ, ಗಿಲ್ಟಿನನ್ ಕಾರ್ಯದರ್ಶಿ, ಟ್ರಂಪರ್ ಖಜಾಂಚಿ. ಮುಂದಿನ ವರ್ಷದ ಜನವರಿ, ಫೆಬ್ರವರಿಗಳಲ್ಲಿ ಒಂದೊಂದು ಬಡಾವಣೆಯ ಪುರಭವನದಲ್ಲಿ ಸಭೆ ಸೇರಿ ಕ್ಲಬ್‌ಗಳನ್ನು ಕಟ್ಟಿದರು. ಸೌತ್ ಸಿಡ್ನಿ ಹುಟ್ಟಿದ್ದು 1908ರ ಜನವರಿ 17ರಂದು, ರೆಡ್‌ಫರ್ನ್ ಪುರಭವನದಲ್ಲಿ. ಬಾಲ್ಮೇನ್ ಹುಟ್ಟಿದ್ದು ಅದಕ್ಕೆ ಆರು ದಿನಗಳ ಬಳಿಕ, ಬಾಲ್ಮೇನ್ ಪುರಭವನದಲ್ಲಿ. ಒಂದೇ ವಾರದ ಕೂಸುಗಳೆಂದರೂ ತಪ್ಪಿಲ್ಲ.

1908ರ ಏಪ್ರಿಲ್ 20, ಈಸ್ಟರ್ ಸೋಮವಾರದಂದು ಮೊದಲ ಸುತ್ತು. ಬರ್ಚ್‌ಗ್ರೋವ್ ಓವಲ್‌ನಲ್ಲಿ ಸೌತ್ ಸಿಡ್ನಿ ನಾರ್ತ್ ಸಿಡ್ನಿಯನ್ನು 11-7ರಿಂದ, ಬಾಲ್ಮೇನ್ ವೆಸ್ಟರ್ನ್ ಸಬರ್ಬ್ಸನ್ನು 24-0ಯಿಂದ ಸೋಲಿಸಿದವು. ವೆಂಟ್‌ವರ್ತ್ ಪಾರ್ಕ್‌ನಲ್ಲಿ ಇನ್ನೆರಡು ಪಂದ್ಯಗಳು ನಡೆದವು. ಬರ್ಚ್‌ಗ್ರೋವ್ ಓವಲ್ ಇಂದಿಗೂ ಇದೆ. ಕಳೆದ ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ ದೋಣಿ ಹಿಡಿದು ಅಲ್ಲಿಗೆ ಹೋಗಿದ್ದೆ. ಮೂರು ಕಡೆ ಮರ, ದಿಬ್ಬ, ಹಳೆಯ ಮನೆಗಳು; ಒಂದು ಕಡೆ ಬಂದರಿನ ನೀರು. ಗೆರೆಯ ಹೊರಗೆ ಒದ್ದ ಚೆಂಡು ನೀರಿಗೆ ಬೀಳಬಹುದೇ ಎಂದು ಯೋಚಿಸುವಷ್ಟು ಹತ್ತಿರದಲ್ಲಿ ಕೊಲ್ಲಿ ಇದೆ. ಬೇಲಿಗೆ ಒರಗಿ ನಿಂತಿದ್ದ ನನಗೆ ಹುಲ್ಲಿನ ಮೇಲಿನ ಇಬ್ಬನಿ ಷೂ ದಾಟಿ ಕಾಲುಚೀಲಕ್ಕೆ ಇಳಿದದ್ದೂ ತಿಳಿಯಲಿಲ್ಲ. ಮೈದಾನ ಅಷ್ಟು ಚಿಕ್ಕದು, ಅಷ್ಟು ಆಪ್ತ. ಈ ಸ್ಪರ್ಧೆ ಇಂಥ ಜಾಗದಿಂದ ಹೊರಟಿತೆಂಬುದನ್ನು ನೆನಪಿಟ್ಟುಕೊಂಡು 1909ನ್ನು ಓದಬೇಕು ಎಂಬುದು ನನ್ನ ವಿನಂತಿ.

ಹೊಸ ಓದುಗ:

ಬಹಳ ಚೆನ್ನಾಗಿ ವಿವರಿಸಿದ್ದೀರಿ, ಧನ್ಯವಾದಗಳು. ನನಗೆ ಎರಡು ಸಂದೇಹಗಳಿವೆ. ಕಾಂಗರೂಸ್ ಮತ್ತು ವಾಲಬೀಸ್ ಎರಡೂ ಆಸ್ಟ್ರೇಲಿಯದ ತಂಡಗಳೇ ಅಲ್ಲವೇ? ಅವು ಪರಸ್ಪರ ಆಡಿದ್ದು ಯಾಕೆ? ಮತ್ತು ತನ್ನದೇ ಫೈನಲ್‌ಗಿಂತ ಆ ಪಂದ್ಯವೇ ದೊಡ್ಡದೆಂದು ಲೀಗ್ ಯಾಕೆ ಭಾವಿಸಿತು?

ಕೂಲಿಯ ಲೆಕ್ಕ:

ಈ ಎರಡನೆಯ ಪ್ರಶ್ನೆಯಲ್ಲೇ ಇಡೀ ವಿಷಯ ಅಡಗಿದೆ. ನಾನು ಕಾರ್ಮಿಕ ಚರಿತ್ರೆ ಓದುವವನು, ಆಟದ ತಾಂತ್ರಿಕ ವಿವರಗಳಲ್ಲಿ ತಪ್ಪಿದರೆ ತಿದ್ದಿ.

1908ರ ಸ್ಪರ್ಧೆ ಇನ್ನೂ ಮುಗಿಯದಿರುವಾಗಲೇ ಲೀಗ್ ತನ್ನ ಉತ್ತಮ ಆಟಗಾರರನ್ನು ಬ್ರಿಟನ್ ಪ್ರವಾಸಕ್ಕೆ ಕಳುಹಿಸಿತು. ಇವರೇ ಮೊದಲ ಕಾಂಗರೂಸ್. ಈಸ್ಟರ್ನ್ ಸಬರ್ಬ್ಸ್ ತಂಡದ ಡ್ಯಾಲಿ ಮೆಸೆಂಜರ್ ಆ ಹಡಗಿನಲ್ಲಿದ್ದರು, ಸೌತ್ ಸಿಡ್ನಿಯ ಬಿಲ್ಲಿ ಕ್ಯಾನ್ ಕೂಡ ಇದ್ದರು. ಹೀಗಾಗಿ 1908ರ ಫೈನಲ್ ದೊಡ್ಡ ಹೆಸರುಗಳಿಲ್ಲದೆ ನಡೆಯಿತು, ನೋಡಲು ಬಂದವರು ಸುಮಾರು 4,000 ಮಂದಿ. ಹಿಂದಿನ ವರ್ಷ ಯೂನಿಯನ್ ಪಂದ್ಯಕ್ಕೆ ಬಂದಿದ್ದ ಜನರ ಎದುರು ಈ ಸಂಖ್ಯೆಯನ್ನು ಇಟ್ಟು ನೋಡಿ.

ಪ್ರವಾಸದಿಂದ ಹಣ ಬರಲಿಲ್ಲ, ಇದ್ದ ಹಣವೂ ಹೋಯಿತು. ಉತ್ತರ ಇಂಗ್ಲೆಂಡಿನಲ್ಲಿ ಆಗ ಬಟ್ಟೆ ಗಿರಣಿಗಳ ಮುಷ್ಕರ, ಅದರ ಮೇಲೆ ಚಳಿಗಾಲ. ಕೂಲಿ ಇಲ್ಲದ ಊರುಗಳಲ್ಲಿ ಟಿಕೆಟ್ ಕೊಳ್ಳುವವರು ಎಷ್ಟು ಜನ ಸಿಗುತ್ತಾರೆ? ಆಟಗಾರರು ಮರಳಿ ಬರುವುದಕ್ಕೆ ಅಲ್ಲಿನ ಸಂಸ್ಥೆಯ ನೆರವು ಬೇಕಾಯಿತು. ಗಿಲ್ಟಿನನ್ ದಿವಾಳಿಯಾದರು. ಅವರು ಊರಿಗೆ ಬರುವ ಹೊತ್ತಿಗೆ ಲೀಗ್‌ನೊಳಗೆ ಹಣಕಾಸಿನ ವಿಚಾರಕ್ಕೆ ಜಗಳ ಎದ್ದು, 1909ರ ಆರಂಭದಲ್ಲಿಯೇ ಗಿಲ್ಟಿನನ್, ಹಾಯ್ಲ್, ಟ್ರಂಪರ್ ಮೂವರೂ ಅಧಿಕಾರದಿಂದ ಹೊರಗಾದರು. ಸಂಸ್ಥೆ ಕಟ್ಟಿದವರು ಎರಡು ವರ್ಷ ತುಂಬುವ ಮೊದಲೇ ಹೊರಗೆ ಹೋದರೆಂಬುದು ನನಗೆ ಇವತ್ತಿಗೂ ಬೇಸರ ತರುವ ಸಂಗತಿ. ಬಳಿಕ ಕಾರ್ಯದರ್ಶಿಯಾದವರು ಎಡ್ವರ್ಡ್ ಲಾರ್ಕಿನ್. ಮುಂದೆ ಶಾಸಕರಾಗಿ, 1915ರ ಏಪ್ರಿಲ್ 25ರಂದು ಮೊದಲ ಮಹಾಯುದ್ಧದ ಗಲಿಪೊಲಿ ಕಾಳಗದಲ್ಲಿ ಮಡಿದವರು ಇವರೇ.

ಹೀಗೆ ಖಜಾನೆ ಬರಿದಾಗಿದ್ದ ಸಮಯದಲ್ಲಿ ಬಂದವರು ಜೇಮ್ಸ್ ಜಾಯಿಂಟನ್ ಸ್ಮಿತ್. ಹೋಟೆಲ್ ಉದ್ಯಮಿ, ಮುಂದೆ 1918ರಲ್ಲಿ ಸಿಡ್ನಿಯ ಲಾರ್ಡ್ ಮೇಯರ್ ಆದವರು. ಯೂನಿಯನ್‌ನ ರಾಷ್ಟ್ರೀಯ ತಂಡವಾದ ವಾಲಬೀಸ್ 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಾರ್ನ್‌ವಾಲ್ ತಂಡವನ್ನು 32-3ರಿಂದ ಸೋಲಿಸಿ ಚಿನ್ನ ಗೆದ್ದು ಬಂದಿತ್ತು. ಆ ತಂಡದ ಹಲವಾರು ಆಟಗಾರರಿಗೆ ಸ್ಮಿತ್ ಹಣ ಕೊಟ್ಟು ಲೀಗ್ ಕಡೆಗೆ ಕರೆತಂದರು. ಒಲಿಂಪಿಕ್ ಪಂದ್ಯದ ನಾಯಕ ಕ್ರಿಸ್ ಮೆಕಿವಟ್ ಅವರೂ ಬಂದರು. ಹಣ ಪಡೆದ ಮೇಲೆ ಯೂನಿಯನ್ ಬಾಗಿಲು ಅವರಿಗೆ ಮುಚ್ಚಿದಂತೆಯೇ. ಕೊಟ್ಟ ಹಣ ಹಿಂದಕ್ಕೆ ಬರಬೇಕಾದರೆ ಪಂದ್ಯಗಳು ಬೇಕು. ಅದಕ್ಕಾಗಿಯೇ ಕಾಂಗರೂಸ್ ಎದುರು ವಾಲಬೀಸ್ ಎಂಬ ಸರಣಿ ಹುಟ್ಟಿತು. ನಾಲ್ಕು ಪಂದ್ಯಗಳಲ್ಲಿ ಎರಡೂ ಕಡೆಗೆ ಎರಡೆರಡು ಜಯ.

ಲೀಗ್ ಉಳಿದುಕೊಂಡದ್ದು ಈ ಹಣದಿಂದ ಮತ್ತು ಈ ಆಟಗಾರರಿಂದ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಹೆಸರಾಂತ ವಾಲಬೀಸ್ ಆಟಗಾರರು ಬಂದ ಮೇಲೆ ಜನರೂ ಅವರ ಹಿಂದೆಯೇ ಬಂದರು, ಯೂನಿಯನ್ ಆ ನಗರದಲ್ಲಿ ತನ್ನ ಮೊದಲಿನ ಸ್ಥಾನಕ್ಕೆ ಮರಳಲೇ ಇಲ್ಲ. ಆದರೆ ‘ಗೇಟಿನ ಹಣ ನೋಡಿ ಆಟಗಾರನನ್ನು ಮರೆತರು’ ಎಂದು ಯೂನಿಯನ್ ಮೇಲೆ ದೂರಿ ಹುಟ್ಟಿದ ಸಂಸ್ಥೆ, ತನ್ನ ಎರಡನೆಯ ವರ್ಷದಲ್ಲೇ ಗೇಟಿನ ಹಣಕ್ಕಾಗಿ ತನ್ನ ಕ್ಲಬ್ ಆಟಗಾರರ ಫೈನಲನ್ನು ಬದಿಗೆ ಸರಿಸಿತು. ಬಾಲ್ಮೇನ್‌ನವರು ಹೊರಗೆ ನಿಂತು ಹೇಳುತ್ತಿದ್ದದ್ದು ಇದನ್ನೇ ಎಂದು ನಾನು ಓದುತ್ತೇನೆ. ಅವರು ಲೀಗ್ ವಿರುದ್ಧ ನಿಲ್ಲಲಿಲ್ಲ, ಲೀಗ್ ಹುಟ್ಟಿದ ಕಾರಣದ ಪರವಾಗಿ ನಿಂತರು.

ಇನ್ನೊಂದು ಮಾತು. ಬಾಲ್ಮೇನ್ ಎಂದರೆ ಮಾರ್ಟ್ಸ್ ಡಾಕ್ ಇದ್ದ ಜಾಗ. ಹಡಗು ದುರಸ್ತಿ, ಎರಕ, ಕಬ್ಬಿಣದ ಕೆಲಸಗಳ ಊರು. 1891ರಲ್ಲಿ ಲೇಬರ್ ಪಕ್ಷದ ಆರಂಭದ ಶಾಖೆ ಕಟ್ಟಿದ ಊರು. ಅನ್ಯಾಯವೆನಿಸಿದಾಗ ಕೆಲಸ ನಿಲ್ಲಿಸಿ ಬಾಗಿಲ ಹೊರಗೆ ನಿಲ್ಲುವುದು, ಒಳಗೆ ಹೋಗುವವರನ್ನು ತಡೆದು ಮಾತಾಡಿಸುವುದು ಆ ಊರಿನ ಜನರಿಗೆ ಗೊತ್ತಿದ್ದ ಕ್ರಮ. ಆ ಶನಿವಾರ ಮೈದಾನದ ಗೇಟಿನ ಮುಂದೆ ಅವರು ಮಾಡಿದ್ದು ಮುಷ್ಕರವೇ.

ಕಡಲಕರೆಯವ:

‘ಕೂಲಿಯ ಲೆಕ್ಕ’ ಅವರ ಬರಹ ಓದಿ ಮನಸ್ಸು ತುಂಬಿತು. ನಾನು ಕುಂದಾಪುರದ ಕಡೆಯವನು, ಯಕ್ಷಗಾನದ ಹುಚ್ಚಿನಲ್ಲಿ ಬೆಳೆದವನು. ನಮ್ಮ ಆಟಗಳಲ್ಲಿ ಪ್ರಸಂಗಕ್ಕೆ ಮೊದಲು ಪೂರ್ವರಂಗ ನಡೆಯುತ್ತದೆ. ಕೋಡಂಗಿ, ಬಾಲಗೋಪಾಲ ವೇಷಗಳನ್ನು ಕಲಿಯುತ್ತಿರುವ ಹುಡುಗರು ಹಾಕುತ್ತಾರೆ, ಜನ ಆಗತಾನೆ ಚಾಪೆ ಹಾಸಿ ಕುಳಿತುಕೊಳ್ಳುತ್ತಿರುತ್ತಾರೆ. ಪೂರ್ವರಂಗಕ್ಕೆ ಅದರದೇ ಗೌರವವಿದೆ. ಆದರೆ ಆ ಹೊತ್ತಿನಲ್ಲಿ ಪ್ರಧಾನ ವೇಷಧಾರಿಯನ್ನು ಕರೆದು, ‘ನಿಮ್ಮ ಯುದ್ಧವನ್ನು ಈಗಲೇ ಮುಗಿಸಿಬಿಡಿ, ಬೇರೆ ಮೇಳದವರು ಕಾಯುತ್ತಿದ್ದಾರೆ’ ಎಂದರೆ ಆತ ಗೆಜ್ಜೆ ಬಿಚ್ಚಿಟ್ಟು ಚೌಕಿಯಿಂದ ಎದ್ದು ಹೋಗುವುದು ಸಹಜ. ಫೈನಲನ್ನು ಪೂರ್ವರಂಗವಾಗಿ ಮಾಡಿದ್ದೇ ತಪ್ಪು.

ಶಿಳ್ಳೆ:

ಎಲ್ಲರ ಮಾತುಗಳನ್ನೂ ಗಮನವಿಟ್ಟು ಓದಿದೆ. ಬಾಲ್ಮೇನ್‌ಗೆ ಕಾರಣವಿತ್ತು ಎಂಬುದನ್ನು ಈಗ ಒಪ್ಪುತ್ತೇನೆ. ಆದರೆ ಸೌತ್ ಸಿಡ್ನಿಯವರ ಕಡೆಯಿಂದ ಯಾರೂ ಮಾತಾಡುತ್ತಿಲ್ಲ, ಅದನ್ನು ನಾನು ಮಾಡಬೇಕಾಗಿದೆ.

ರೆಡ್‌ಫರ್ನ್ ಕೂಡ ಶ್ರೀಮಂತರ ಬಡಾವಣೆ ಅಲ್ಲವಷ್ಟೇ? ಅಲ್ಲಿಯ ಆಟಗಾರರೂ ವರ್ಷವಿಡೀ ಆಡಿ, ಅಂಕಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದು ಬಂದವರು. ಅವರಿಗೂ ಆ ವೇಳಾಪಟ್ಟಿ ಅವಮಾನಕರವೇ ಆಗಿರಬಹುದು, ಆದರೆ ತಾವು ಸದಸ್ಯರಾಗಿರುವ ಸಂಸ್ಥೆ ಕೊಟ್ಟ ಸಮಯಕ್ಕೆ ಬೂಟು ಕಟ್ಟಿಕೊಂಡು ನಿಂತರು. ಎದುರಾಳಿ ಬರದಿದ್ದಾಗ ಚೆಂಡು ಒದ್ದು ಟ್ರೈ ದಾಖಲಿಸಿದ್ದು ವಿಧಿಯನ್ನು ಪೂರೈಸಿದ ಕ್ರಿಯೆ. ನಮ್ಮಲ್ಲೂ ಎದುರು ತಂಡ ಬರದಿದ್ದಾಗ ಆಟಗಾರರನ್ನು ಅಂಗಳಕ್ಕೆ ಕರೆದು, ಸಾಲಾಗಿ ನಿಲ್ಲಿಸಿ, ಶಿಳ್ಳೆ ಊದಿದ ಮೇಲೆಯೇ ಜಯ ಘೋಷಿಸುತ್ತೇವೆ. ಎದುರು ಅಂಗಳ ಖಾಲಿ ಇರುವಾಗ ಆ ಶಿಳ್ಳೆ ಊದುವುದು ಎಷ್ಟು ಕಷ್ಟ ಎಂಬುದು ಊದಿದವನಿಗೆ ಗೊತ್ತು. ಸಾಲಾಗಿ ನಿಂತ ಹುಡುಗರು ತಲೆ ತಗ್ಗಿಸಿಕೊಂಡಿರುತ್ತಾರೆ, ಯಾರ ಮುಖದಲ್ಲೂ ಸಂತೋಷ ಇರುವುದಿಲ್ಲ. ಬಿಲ್ಲಿ ಕ್ಯಾನ್ ಅವರನ್ನು ಮೋಸಗಾರನಂತೆ ನೋಡಬಾರದು ಎಂಬುದಷ್ಟೇ ನನ್ನ ಕೋರಿಕೆ.

ಬಂದರಿನ ಆಚೆ ದಡ:

‘ಶಿಳ್ಳೆ’ ಸರ್, ನಿಮ್ಮ ಮಾತು ನ್ಯಾಯವಾದದ್ದು. ರೆಡ್‌ಫರ್ನ್ ಪಕ್ಕದಲ್ಲೇ ಎವ್ಲೀ ರೈಲ್ವೆ ಕಾರ್ಯಾಗಾರ ಇತ್ತು, ಸೌತ್ ಸಿಡ್ನಿಯ ಅಭಿಮಾನಿಗಳಲ್ಲಿ ಕೈಗೆ ಗ್ರೀಸ್ ಹತ್ತಿದವರೇ ಹೆಚ್ಚು. ಇದು ಬಡವರು ಮತ್ತು ಬಲ್ಲಿದರ ಜಗಳವಲ್ಲ, ಒಂದೇ ಬಗೆಯ ಎರಡು ಊರುಗಳ ಜಗಳ. ಅದಕ್ಕೇ ಇಷ್ಟು ಆಳಕ್ಕೆ ಇಳಿಯಿತು.

ನಿಜವಾದ ಕಹಿಯ ಮೂಲ ಬೇರೆ ಕಡೆ ಇದೆ. ಎರಡೂ ತಂಡಗಳು ಆಡುವುದಿಲ್ಲವೆಂದು ತಮ್ಮ ನಡುವೆ ಮಾತಾಗಿತ್ತು, ಸೌತ್ ಸಿಡ್ನಿ ಆ ಮಾತು ಮುರಿಯಿತು ಎಂದು ಬಾಲ್ಮೇನ್ ಕಡೆಯವರು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಅಂಥ ಒಪ್ಪಂದ ಇರಲಿಲ್ಲ, ತಾವು ಬಂದು ನಿಂತದ್ದು ನಿಯಮದ ಪ್ರಕಾರ ಎಂಬುದು ಸೌತ್ ಸಿಡ್ನಿ ಕಡೆಯ ಮಾತು. ಕೊಟ್ಟ ಮಾತು ಹಾಳೆಯ ಮೇಲೆ ಇರುವುದಿಲ್ಲ. ಹಾಗಾಗಿ ನಾನು ಈ ಎರಡರಲ್ಲಿ ಒಂದನ್ನು ಆರಿಸುವುದಿಲ್ಲ, ಆದರೆ ಈ ದೂರು ಇದೆ ಎಂಬುದನ್ನು ಲೇಖನದಲ್ಲಿ ಹೇಳಲೇಬೇಕು.

ನನ್ನನ್ನು ತುಂಬ ಕಾಡಿದ ಒಂದು ಸಂಗತಿಯನ್ನು ಇಲ್ಲಿ ಹಂಚಿಕೊಳ್ಳುತ್ತೇನೆ. ಆ ಬಳಿಕ ಈ ಎರಡು ತಂಡಗಳು ನಿರ್ಣಾಯಕ ಪಂದ್ಯಗಳಲ್ಲಿ ಎದುರಾದಾಗ ಏನಾಯಿತೆಂದು ಪಟ್ಟಿ ಮಾಡಿ ನೋಡಿದೆ. 1916ರಲ್ಲಿ ಬಾಲ್ಮೇನ್ 5, ಸೌತ್ ಸಿಡ್ನಿ 3. 1924ರಲ್ಲಿ ಬಾಲ್ಮೇನ್ 3, ಸೌತ್ ಸಿಡ್ನಿ ಸೊನ್ನೆ. 1939ರಲ್ಲಿ ಬಾಲ್ಮೇನ್ 33, ಸೌತ್ ಸಿಡ್ನಿ 4. ಮತ್ತು 1969ರ ಸೆಪ್ಟೆಂಬರ್ 20ರಂದು, ಎಂದರೆ ಆ ಶನಿವಾರಕ್ಕೆ ಅರವತ್ತು ವರ್ಷ ಎರಡು ದಿನಗಳಾದಾಗ, ಬಾಲ್ಮೇನ್ 11, ಸೌತ್ ಸಿಡ್ನಿ 2. ನಾಲ್ಕು ಬಾರಿಯೂ ಬಾಲ್ಮೇನ್.

1969ರ ಪಂದ್ಯದ ಬಗ್ಗೆ ಇಲ್ಲಿನ ಹಿರಿಯರು ಈಗಲೂ ದನಿ ಏರಿಸಿ ಮಾತಾಡುತ್ತಾರೆ. ಸೌತ್ ಸಿಡ್ನಿ 1967, 1968ರಲ್ಲಿ ಗೆದ್ದಿತ್ತು, 1970, 1971ರಲ್ಲೂ ಗೆಲ್ಲಲಿತ್ತು. ಅಂಥ ತಂಡದ ನಡುಮಧ್ಯದ ವರ್ಷವನ್ನು ಬಾಲ್ಮೇನ್ ಕಿತ್ತುಕೊಂಡಿತು. ಅಂದಿನ ಒಂದೇ ಒಂದು ಟ್ರೈ ಗಳಿಸಿದವರು ಬಾಲ್ಮೇನ್‌ನ ಸಿಡ್ ವಿಲಿಯಮ್ಸ್. ಬಾಲ್ಮೇನ್ ಆಟಗಾರರು ಪೆಟ್ಟಾದಂತೆ ಮತ್ತೆ ಮತ್ತೆ ನೆಲಕ್ಕೆ ಬಿದ್ದು, ವೇಗದ ಆಟಕ್ಕೆ ಹೆಸರಾಗಿದ್ದ ಸೌತ್ ಸಿಡ್ನಿಯ ಲಯವನ್ನು ಕೆಡಿಸಿದರೆಂಬ ದೂರು ಅಂದಿನಿಂದಲೂ ಇದೆ. ನನ್ನ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಹಿರಿಯರು, ಸೌತ್ ಸಿಡ್ನಿಯ ಕಡು ಅಭಿಮಾನಿ, ಆ ದೂರನ್ನು ಹೇಳಿ ಮುಗಿಸಿ ಒಂದು ಕ್ಷಣ ಸುಮ್ಮನಿದ್ದು, ‘ಆದರೂ ಅವರು ಅಂಗಳದಲ್ಲಿ ಆಡಿ ಗೆದ್ದರು’ ಎಂದರು. ಅವರು 1909ರ ಹೆಸರು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಹೊಸ ಓದುಗ:

1909ರಲ್ಲಿ ನ್ಯೂಕ್ಯಾಸಲ್ ಕೂಡ ಆಡಿತ್ತೆಂದು ಎಲ್ಲೋ ಓದಿದೆ. ಅದು ಸಿಡ್ನಿಯಿಂದ ಬಹಳ ದೂರವಲ್ಲವೇ?

ಹಳೆಯ ಅಂಕಪಟ್ಟಿ:

ಹೌದು, ಸುಮಾರು 160 ಕಿಲೋಮೀಟರ್. 1908ರಲ್ಲಿ ಒಂಬತ್ತು ತಂಡಗಳಿದ್ದವು. ತಡವಾಗಿ ಸೇರಿದ್ದ ಕಂಬರ್ಲೆಂಡ್ ಒಂದೇ ವರ್ಷಕ್ಕೆ ನಿಂತುಹೋಯಿತು. 1909ರಲ್ಲಿ ಉಳಿದ ಎಂಟು ತಂಡಗಳು ಆಡಿದವು: ಸೌತ್ ಸಿಡ್ನಿ, ಬಾಲ್ಮೇನ್, ಈಸ್ಟರ್ನ್ ಸಬರ್ಬ್ಸ್, ಗ್ಲೀಬ್, ನ್ಯೂಟೌನ್, ನಾರ್ತ್ ಸಿಡ್ನಿ, ವೆಸ್ಟರ್ನ್ ಸಬರ್ಬ್ಸ್, ನ್ಯೂಕ್ಯಾಸಲ್. ಕಲ್ಲಿದ್ದಲಿನ ಊರಾದ ನ್ಯೂಕ್ಯಾಸಲ್ ಆ ವರ್ಷದ ಬಳಿಕ ಹೊರಬಂದು ತನ್ನದೇ ಸ್ಥಳೀಯ ಸ್ಪರ್ಧೆ ಕಟ್ಟಿಕೊಂಡಿತು. ಆ ಊರಿನ ತಂಡವೊಂದು ಮತ್ತೆ ಸಿಡ್ನಿಯ ಸ್ಪರ್ಧೆಗೆ ಬಂದದ್ದು 1988ರಲ್ಲಿ. ಈ ವಿಷಯಕ್ಕೆ ಪ್ರತ್ಯೇಕ ಲೇಖನ ಬರೆಯುತ್ತೇನೆ.

ಕೂಲಿಯ ಲೆಕ್ಕ:

ಸೌತ್ ಸಿಡ್ನಿಯ ಕಡೆಯಿಂದ ಇನ್ನೊಂದು ಮಾತನ್ನು ನಾನೇ ಸೇರಿಸುತ್ತೇನೆ, ಏಕೆಂದರೆ ಬಾಲ್ಮೇನ್ ಪರವಾಗಿ ಹೆಚ್ಚು ಬರೆದವನು ನಾನು. 1999ರ ಕೊನೆಗೆ ಸ್ಪರ್ಧೆಯ ತಂಡಗಳ ಸಂಖ್ಯೆಯನ್ನು ಕಡಿತಗೊಳಿಸಿದಾಗ, ಅತಿ ಹೆಚ್ಚು ಪ್ರಶಸ್ತಿ ಗೆದ್ದಿದ್ದ ಸೌತ್ ಸಿಡ್ನಿಯನ್ನೇ ಹೊರಗೆ ಹಾಕಿದರು. ಅಭಿಮಾನಿಗಳು ಸಾವಿರಾರು ಸಂಖ್ಯೆಯಲ್ಲಿ ಸಿಡ್ನಿಯ ಬೀದಿಗೆ ಇಳಿದರು, ಕ್ಲಬ್ ನ್ಯಾಯಾಲಯದ ಮೆಟ್ಟಿಲು ಹತ್ತಿತು, 2000 ಮತ್ತು 2001 ಎರಡು ವರ್ಷ ಹೊರಗಿದ್ದು 2002ರಲ್ಲಿ ಹಿಂದಿರುಗಿತು. ಬಾಲ್ಮೇನ್ ಇದೇ ಸಮಯದಲ್ಲಿ ವೆಸ್ಟರ್ನ್ ಸಬರ್ಬ್ಸ್ ಜೊತೆ ವಿಲೀನವಾಗಿ ತನ್ನ ಪ್ರತ್ಯೇಕ ಅಸ್ತಿತ್ವವನ್ನು ಬಿಟ್ಟುಕೊಟ್ಟಿತು. 1909ರಲ್ಲಿ ಗೇಟಿನ ಹೊರಗೆ ನಿಂತು ಜನರನ್ನು ಮಾತಾಡಿಸಿದವರು ಬಾಲ್ಮೇನ್‌ನವರು. ತೊಂಬತ್ತು ವರ್ಷಗಳ ಬಳಿಕ ಹೊರಗೆ ನಿಂತು ಕೂಗಬೇಕಾದ ಸರದಿ ಸೌತ್ ಸಿಡ್ನಿಯವರದು. ಎರಡು ಸಂದರ್ಭಗಳಲ್ಲೂ ಪ್ರಶ್ನೆ ಒಂದೇ ಆಗಿತ್ತು: ಈ ಸ್ಪರ್ಧೆ ಯಾರದು?

ಕಡಲಕರೆಯವ:

ಹಾಗಾದರೆ ಮೂಲ ಪ್ರಶ್ನೆಗೆ ಬರೋಣ. ‘ವಾಕ್‌ಓವರ್’ ಎಂಬ ಪದ ನನಗೆ ಸರಿ ಕಾಣುವುದಿಲ್ಲ. ನಮ್ಮ ಕಡೆ ವಾಕ್‌ಓವರ್ ಎಂದರೆ ಬಸ್ಸು ಕೆಟ್ಟು ತಂಡ ಬರಲಿಲ್ಲ ಎಂದೋ ಆಟಗಾರರು ಸಾಲದೆ ಹೋದರು ಎಂದೋ ಜನ ಅರ್ಥ ಮಾಡಿಕೊಳ್ಳುತ್ತಾರೆ. ‘ಬಿಟ್ಟುಕೊಟ್ಟಿತು’ ಎಂದರೂ ಔದಾರ್ಯದ ಅರ್ಥ ಬರುತ್ತದೆ. ಬಾಲ್ಮೇನ್ ಯಾರಿಗೂ ಏನನ್ನೂ ಬಿಟ್ಟುಕೊಡಲಿಲ್ಲ.

ಶಿಳ್ಳೆ:

ಪದದ ವಿಷಯದಲ್ಲಿ ‘ಕಡಲಕರೆಯವ’ ಅವರು ಹೇಳಿದ್ದನ್ನು ಒಪ್ಪುತ್ತೇನೆ. ನಾನು ಮೊದಲು ಬರೆದದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಪ್ರಶಸ್ತಿ ಸೌತ್ ಸಿಡ್ನಿಗೆ ಸಂದಿತು ಎಂಬುದು ಸ್ಪಷ್ಟವಾಗಿ ಇರಲಿ. ಅವರ 21 ಪ್ರಶಸ್ತಿಗಳ ಪಟ್ಟಿಯಲ್ಲಿ 1909 ಇದೆ, ಅದನ್ನು ತೆಗೆಯುವ ಅಧಿಕಾರ ನಮಗಿಲ್ಲ. ಅಂಕ ಬರೆಯುವ ಜಾಗದಲ್ಲಿ ಮಾತ್ರ ಸಂಖ್ಯೆ ಬೇಡ. ಆಗ ಒಂದು ಟ್ರೈಗೆ ಮೂರು ಅಂಕವಿತ್ತು ಎಂದು ಓದಿದ್ದೇನೆ. 3-0 ಎಂದು ಬರೆದುಬಿಟ್ಟರೆ ಮುಂದೊಂದು ದಿನ ಯಾರೋ ಅದನ್ನು ಬಿಗಿಯಾದ ಪಂದ್ಯವೆಂದು ತಿಳಿದಾರು.

ಬಂದರಿನ ಆಚೆ ದಡ:

ಮುಖ್ಯ ಪಂದ್ಯದ ಫಲಿತಾಂಶವನ್ನೂ ಆ ಸಾಲಿನ ಪಕ್ಕದಲ್ಲಿ ಕೊಡಿ. ಅಂದು ಕಾಂಗರೂಸ್ 8-6ರಿಂದ ವಾಲಬೀಸ್ ತಂಡವನ್ನು ಸೋಲಿಸಿತು. ಯಾವ ಪಂದ್ಯಕ್ಕಾಗಿ ಫೈನಲ್ ಪಕ್ಕಕ್ಕೆ ಸರಿಯಿತೆಂದು ಓದುಗರಿಗೆ ತಿಳಿಯಲಿ.

ಹಳೆಯ ಅಂಕಪಟ್ಟಿ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡು ಕಡೆಯ ಹೇಳಿಕೆಗಳನ್ನೂ ಲೇಖನದ ಒಳಗೆ ವಿವರವಾಗಿ ಸೇರಿಸಿದ್ದೇನೆ. ಬಿಲ್ಲಿ ಕ್ಯಾನ್ ಬಗ್ಗೆ ಬರೆದಿದ್ದ ಒಂದು ಖಾರವಾದ ವಾಕ್ಯವನ್ನು ‘ಶಿಳ್ಳೆ’ ಅವರ ಮಾತು ಓದಿದ ಮೇಲೆ ತೆಗೆದುಹಾಕಿದೆ. ಕೊನೆಯ ಸಾಲು ಈಗ ಹೀಗಿದೆ:

‘1909, ಸೆಪ್ಟೆಂಬರ್ 18, ಕೃಷಿ ಪ್ರದರ್ಶನ ಮೈದಾನ. ಸೌತ್ ಸಿಡ್ನಿ ಅಂಗಳದಲ್ಲಿತ್ತು, ಬಾಲ್ಮೇನ್ ಪ್ರತಿಭಟಿಸಿ ಗೇಟಿನ ಹೊರಗಿತ್ತು. ಪಂದ್ಯ ನಡೆಯಲಿಲ್ಲ. ಪ್ರಶಸ್ತಿ ಸೌತ್ ಸಿಡ್ನಿಗೆ ಸಂದಿತು. ಅದೇ ದಿನ ಅದೇ ಮೈದಾನದಲ್ಲಿ: ಕಾಂಗರೂಸ್ 8, ವಾಲಬೀಸ್ 6.’

ಒಂದು ಸಾಲಿನ ನಿಯಮ ಮುರಿದಿದೆ, ಈ ವರ್ಷಕ್ಕೆ ಮಾತ್ರ ಮುರಿಯಲಿ. ಮುಂದಿನ ಲೇಖನ 1910ರದು. ನ್ಯೂಟೌನ್ ಮತ್ತು ಸೌತ್ ಸಿಡ್ನಿ 4-4ರಿಂದ ಸಮ ಮಾಡಿಕೊಂಡರೂ, ಅಂಕಪಟ್ಟಿಯಲ್ಲಿ ಮೇಲಿದ್ದ ನ್ಯೂಟೌನ್ ಪ್ರಶಸ್ತಿ ಪಡೆದ ವರ್ಷ. ಅದರ ಕರಡು ಸಿದ್ಧವಾದ ಕೂಡಲೇ ಇಲ್ಲಿಗೆ ತರುತ್ತೇನೆ.